ಬಾಗಿಯಕ್ಕನ ಅಂಗಾಲು

ಶಿರಿಯಾ ಹೊಳೆ ಕಡಲು ಸೇರುವ ಮುಂಚೆ
ಒಮ್ಮೆ ಹಿಂತಿರುಗಿ ನೋಡುವ ತಿರುವಿನಲ್ಲಿ
ನಮ್ಮ ಒಡ್ಡು. ಉದ್ದ ನಾನೂರ ಹನ್ನೆರಡು ಮೀಟರು.
ಎತ್ತರ ಕಾಗದದಲ್ಲಿ ಎರಡು, ನಿಂತು ಅಳೆದರೆ ನನ್ನ ಸೊಂಟ.
ಆಚೆ ಉಪ್ಪುನೀರು, ಈಚೆ ಬೈಲು,
ನಡುವೆ ಮಣ್ಣು, ತೆಂಗಿನ ಸಿಪ್ಪೆ, ಮುರಕಲ್ಲು,
ಯಾರದೋ ಅಜ್ಜನ ಕಾಲದ ಹಠ.

ನಾನು ಸಮಿತಿಯ ಕಾರ್ಯದರ್ಶಿ.
ಎಂದರೆ, ಬರೆಯಲು ಬರುವವನು.
ಮೂರು ಭಾಷೆಯಲ್ಲಿ ಅರ್ಜಿ ಹಾಕಬಲ್ಲೆ,
ಒಂದು ಬುಟ್ಟಿ ಮಣ್ಣು ಹೊತ್ತವನಲ್ಲ.

ಬಾಗಿಯಕ್ಕ ಹೊತ್ತವಳು.
ಬೇಸಗೆಯ ನಡುಮಧ್ಯಾಹ್ನ, ಹೊಳೆ ಇಳಿದ ಹೊತ್ತು,
ಮಣ್ಣು ಕಾದು ಕೆಂಡವಾಗಿರುವಾಗಲೇ
ಒಡ್ಡಿನ ಮೇಲೆ ಬರಿಗಾಲಲ್ಲಿ ನಡೆಯುತ್ತಾಳೆ.
ನಡೆಯುತ್ತ ನಡೆಯುತ್ತ ಥಟ್ಟನೆ ನಿಂತು
ಹಿಮ್ಮಡಿ ಒತ್ತಿ, "ಇಲ್ಲಿ" ಎನ್ನುತ್ತಾಳೆ.
ಅಗೆದರೆ ಇದ್ದೇ ಇರುತ್ತದೆ ಏಡಿಯ ಮಾಟೆ,
ಮೊಣಕೈವರೆಗೆ ಹೋಗುವಷ್ಟು ಆಳ,
ಒಳಗೆ ನೀರು ಸದ್ದಿಲ್ಲದೆ ಸಂಸಾರ ಹೂಡಿರುತ್ತದೆ.
ಹೇಗೆ ಗೊತ್ತಾಯಿತು ಎಂದರೆ
"ಅಂಗಾಲಿಗೆ ತಂಪಾಯಿತು." ಅಷ್ಟೆ.

ಫೆಬ್ರವರಿಯಲ್ಲಿ ಇಂಜಿನಿಯರು ಬಂದ.
ಪಯ್ಯನ್ನೂರು ಕಡೆಯ ಹುಡುಗ, ಒಳ್ಳೆಯವ.
ನಕ್ಷೆ ಬಿಡಿಸಿದ: ಒಡ್ಡಿನ ನೆತ್ತಿಗೆ ಕಾಂಕ್ರೀಟು,
ಎರಡಡಿ ಏರು, ಕೊನೆಯಲ್ಲಿ ಕೂರಲು ಬೆಂಚು.
ಬಾಗಿಯಕ್ಕ ತುಳುವಿನಲ್ಲಿ ಕೇಳಿದಳು:
ಹೊಟ್ಟೆನೋವು ಎಂದವನಿಗೆ ಮುಟ್ಟಾಳೆ ಇಡುತ್ತೀಯಾ ಮಗಾ?
ಎಲ್ಲರೂ ನಕ್ಕರು. ಅವನು ನನ್ನ ಮುಖ ನೋಡಿದ.
ನಾನು ಮಲಯಾಳದಲ್ಲಿ ಹೇಳಿದೆ:
ತಳಭಾಗದ ದುರಸ್ತಿಯೂ ಆಗಬೇಕೆಂದು ಕೋರಿಕೆ.
ಅವನು ಇಂಗ್ಲಿಷಿನಲ್ಲಿ ಬರೆದುಕೊಂಡ.
ಮಂಜೂರಾಗಿ ಬಂದದ್ದರಲ್ಲಿ ಬೆಂಚು ಇತ್ತು.
ಅಂಗಾಲು ಯಾವ ಕಡವಿನಲ್ಲಿ ಬಿದ್ದುಹೋಯಿತೋ!
ನನ್ನ ಕೈಯಿಂದಲೇ ಬಿತ್ತು ಎಂದು ಈಗ ಬರೆಯುತ್ತೇನೆ.

ಇನ್ನೊಂದು ಸಂಗತಿ ನಡಾವಳಿ ಪುಸ್ತಕದಲ್ಲಿಲ್ಲ.
ನಮ್ಮ ಒಡ್ಡು ಗಟ್ಟಿಯಿದ್ದ ವರ್ಷವೆಲ್ಲ
ಆಚೆ ದಡದ ಬೀಫಾತುಮ್ಮನ ಅಂಗಳಕ್ಕೆ ನೀರು.
ಹೊಳೆಗೂ ಎಲ್ಲಾದರೂ ಮಗ್ಗುಲು ಬದಲಿಸಬೇಕಲ್ಲ.
ಅವಳ ಮಗ ಮೊಯ್ದುಕುಂಞಿ ಎರಡು ಸಲ ಸಭೆಗೆ ಬಂದು
ಬಾಗಿಲ ಹತ್ತಿರವೇ ನಿಂತು ಚಾ ಕುಡಿದು ಹೋದ.
ಅವನು ಏನೂ ಕೇಳಲಿಲ್ಲ.
ಸಕ್ಕರೆ ಸಾಕಾ ಎಂದು ನಾವು ಕೇಳಿದೆವು.

ಆಟಿ ಅಮಾವಾಸ್ಯೆ ಕಳೆದ ಮೂರನೆಯ ರಾತ್ರಿ
ಮೇಲಿನಿಂದ ಮಲೆಯ ನೀರು, ಕೆಳಗಿನಿಂದ ಉಬ್ಬರ.
ಫೋನಿಗೆ ಮಲಯಾಳದಲ್ಲಿ ಎಚ್ಚರಿಕೆ ಬಂತು,
ಬಾಗಿಯಕ್ಕನಿಗೆ ಓದಿ ಹೇಳೋಣವೆಂದು ಹೊರಟರೆ
ಹೊಳೆ ತಾನೇ ಹೇಳಿ ಮುಗಿಸಿತ್ತು.
ಬೆಂಚಿನವರೆಗೆ ನೀರು ಏರಲೇ ಇಲ್ಲ.
ಕೆಳಗೆ, ಗೇರುಮರದಿಂದ ಏಳು ಹೆಜ್ಜೆ,
ಮೇ ತಿಂಗಳಲ್ಲಿ ಅವಳು ಹಿಮ್ಮಡಿ ಒತ್ತಿದ್ದ ಜಾಗ,
ಬಿಲ್ಲು ಪಾಸಾಗಲಿ ಎಂದು ನಾವು ಬಿಟ್ಟಿದ್ದ ಜಾಗ,
ಮೊದಲು ಬೆವರಿತು, ಆಮೇಲೆ ಉಗುಳಿತು,
ಆಮೇಲೆ ಒಂದು ಎಮ್ಮೆ ನುಗ್ಗುವಷ್ಟು ಬಾಯಿ ತೆರೆಯಿತು.

ಬೈಲು ಹೊಳೆಯಾಯಿತು.
ಈ ಸಲ ಆಚೆ ದಡದ ಅಂಗಳ ಒಣಗಿಯೇ ಇತ್ತು.
ಬೆಳಕು ಹರಿಯುವ ಮುಂಚೆ ಅಲ್ಲಿಂದ ದೋಣಿ ಬಂತು,
ಮೊಯ್ದುಕುಂಞಿ, ಹೊಯಿಗೆ ತುಂಬಿದ ಚೀಲ ನಲವತ್ತು,
ತನ್ನ ಮನೆಯ ಮೆಟ್ಟಿಲಿಗೆಂದು ಕಟ್ಟಿಟ್ಟದ್ದು.
"ಇವತ್ತು ನಮಗೆ ಬೇಡ" ಎಂದ.
ಕರುಣೆಯೋ ಲೆಕ್ಕವೋ, ನಡಾವಳಿಗೆ ಏರಿಸಲಾಗಲಿಲ್ಲ.
ಸ್ವೀಕರಿಸಿದ ಚೀಲ ನಲವತ್ತು. ಅಷ್ಟು ಬರೆದೆ.

ನಿನ್ನೆ ಮಳೆ ಬಿಟ್ಟ ಸಂಜೆ
ಚಪ್ಪಲಿ ಕೈಯಲ್ಲಿ ಹಿಡಿದು ಒಡ್ಡು ಹತ್ತಿದೆ.
"ಇಲ್ಲಿಯಾ?" ಕೇಳಿದೆ. ನಾಲ್ಕು ಹೆಜ್ಜೆ ಹೋಗಿ, "ಇಲ್ಲಿಯಾ?"
ಬಾಗಿಯಕ್ಕ ಎಲೆಯಡಿಕೆ ಉಗಿದು ನಕ್ಕಳು.
"ಈಗ ಎಲ್ಲ ಕಡೆಯೂ ತಂಪೇ. ಮಾರ್ಚಿಗೆ ಬಾ.
ಮೊದಲು ಕಾಲು ಸುಡಬೇಕು."

ಆಚೆ ದಡದಲ್ಲಿ ಯಾರೋ ಬಗ್ಗಿ
ಕೈಯಿಂದ ಮಣ್ಣು ಮುಟ್ಟಿ ನೋಡುತ್ತಿದ್ದರು.
ಗಂಡಸೋ ಹೆಂಗಸೋ, ದೂರಕ್ಕೆ ತಿಳಿಯಲಿಲ್ಲ.
ನಾನು ಕೈ ಎತ್ತಿದೆ.
ಎತ್ತಿದ ಮೇಲೆ ಕಂಡಿತು, ಅದು ಚಪ್ಪಲಿ ಹಿಡಿದ ಕೈ.
ಇಳಿಸಿ, ಚಪ್ಪಲಿ ಇನ್ನೊಂದು ಕೈಗೆ ದಾಟಿಸಿ,
ಮತ್ತೆ ಎತ್ತಿದೆ.