ಆರು ಪುಟದ ನಿದ್ದೆ

ಆಟದಲ್ಲಿ ಆ ಹುಡುಗನಿಗೆ ಮುಖ ಇಲ್ಲ.
ಬೆನ್ನು ಉಂಟು, ಬತ್ತಳಿಕೆ ಉಂಟು,
ಓಡುವಾಗ ಹಾರುವ ಜುಟ್ಟು ಉಂಟು.
ನಲವತ್ತು ತಾಸು ಆಡಿ ಮುಗಿಸಿದವರೂ
ನೋಡಿದ್ದು ಅವನ ಬೆನ್ನನ್ನೇ.
"ಮುಖ ಮಾಡಲು ದುಡ್ಡು ಸಾಕಾಗಲಿಲ್ಲ ಅಕ್ಕ" ಎಂದ ನವ್‌ಫಲ್,
ಮಲ್ಪೆಯ ಐಸ್ ಪ್ಲಾಂಟಿನ ಮಾಳಿಗೆಯಲ್ಲಿ,
ಕಾಲಡಿಯ ನೆಲ ಗಡಗಡ ನಡುಗುತ್ತಿರುವಾಗ.
"ಕಾಮಿಕ್ಸಿಗೆ ಬೇಕೇ ಬೇಕಲ್ಲ. ನೀವೇ ಎಂತಾದರೂ ಮಾಡಿ."

ನಾನು ದೋಣಿಗೆ ಹೆಸರು ಬರೆಯುವವನ ಮಗಳು.
ಅಪ್ಪನ ಕುಂಚ ಹಿಡಿದೇ ಅಕ್ಷರ ಕಲಿತದ್ದು:
ಜಲಲಕ್ಷ್ಮಿ, ಅದರ ಬಾಲಕ್ಕೊಂದು ಮೀನು.
ಈಗ ಐದು ಸಂಚಿಕೆ, ಸಂಚಿಕೆಗೆ ಮೂವತ್ತೆರಡು ಪುಟ,
ಏಳು ಸುತ್ತಿನ ವ್ಯೂಹ, ಸುತ್ತಿಗೊಬ್ಬ ದೊಡ್ಡ ವೈರಿ.
ಮೊದಲ ದಿನವೇ ಗೊತ್ತಾಯಿತು,
ಆಟದಲ್ಲಿ ಸಾವು ಎಂದರೆ ಕೆಮ್ಮಿದ ಹಾಗೆ.
ಬಿದ್ದ, ಎದ್ದ, ಬಿದ್ದ.
ನನ್ನ ಚೌಕದಲ್ಲಿ ಬಿದ್ದವ ಬಿದ್ದೇ ಇರುತ್ತಾನೆ,
ಶಾಯಿ ಒಣಗುತ್ತದೆ ಅವನ ಮೇಲೆ.

ಒಂದು ಸಂಜೆ ಕೇಳಿದೆ, "ಇವನ ಅಮ್ಮ ಎಲ್ಲಿ?"
"ಇದ್ದಾಳೆ" ಎಂದ, ಸ್ವಲ್ಪ ನಾಚಿ.
"ಶುರುವಿನಲ್ಲೇ. ಮೂರು ನಿಮಿಷದ ದೃಶ್ಯ.
ತುಂಬಿದ ಹೊಟ್ಟೆ, ಮಲಗಿದ್ದಾಳೆ, ಪಕ್ಕದಲ್ಲಿ ಅವಳಣ್ಣ
ವ್ಯೂಹ ಒಡೆಯುವ ಬಗೆ ಹೇಳುತ್ತಿದ್ದಾನೆ.
ಒಳಗೆ ಹೋಗುವುದು ಮಾತ್ರ ಅಲ್ಲ ಅಕ್ಕ,
ಹೊರಗೆ ಬರುವುದನ್ನೂ ಹೇಳಿಸಿದ್ದೇನೆ ನಾನು.
ಎಡ, ಎಡ, ಬಲ, ಗೊರಕೆ ಹೊಡೆಯುವ ಆನೆಯ ಹಿಂದೆ,
ಪೂರ್ತಿ ದಾರಿ.
ಅವಳಿಗೆ ನಿದ್ದೆ ಹತ್ತಿದ ಮೇಲೂ ಹೇಳುತ್ತಲೇ ಇರುತ್ತಾನೆ,
ದನಿ ಮಾತ್ರ ಸಣ್ಣ."
"ಮತ್ತೆ?"
"ಮತ್ತೆಂತ. ಬಲಮೂಲೆಯಲ್ಲಿ ಸ್ಕಿಪ್ ಅಂತ ಒಂದು ಗುಂಡಿ ಉಂಟಲ್ಲ,
ನೂರರಲ್ಲಿ ತೊಂಬತ್ತೊಂಬತ್ತು ಜನ..."
ಕೆಳಗೆ ಐಸು ಪುಡಿಮಾಡುವ ಯಂತ್ರ
ಉಳಿದ ಮಾತು ನುಂಗಿತು.

ಆ ರಾತ್ರಿ ಬಿಲ್ಲುಬಾಣ ಬದಿಗಿಟ್ಟು
ಅಮ್ಮನನ್ನು ಬರೆಯಲು ಕೂತೆ.
ನಿದ್ದೆ ಹೇಗೆ ಬರುತ್ತದೆಂದು ನನಗೆ ಗೊತ್ತುಂಟು.
ನನ್ನಮ್ಮ ಸಿಗಡಿ ಸುಲಿಯುವ ಶೆಡ್ಡಿನಲ್ಲಿ
ಬೆರಳು ನಿಲ್ಲಿಸದೆ ತೂಕಡಿಸುತ್ತಿದ್ದಳು.
ಮೊದಲು ಕುತ್ತಿಗೆ, ಆಮೇಲೆ ರೆಪ್ಪೆ,
ಕೊನೆಗೆ ಹ್ಞೂಂಗುಟ್ಟುವ ಬಾಯಿ;
ಅದು ಮುಚ್ಚಿದ ಮೇಲೂ ಒಂದೆರಡು ಹ್ಞೂಂ ಬರುತ್ತವೆ.
ಯಾರ ತಪ್ಪು ಇದರಲ್ಲಿ?
ಎಂಟು ತಿಂಗಳ ಬಸುರಿ. ಯುದ್ಧದ ಕತೆ.

ಒಂದು ಪುಟ ಅಂದುಕೊಂಡಿದ್ದೆ, ಆರಾಯಿತು.
ಪ್ರಕಾಶಕ ಪುಂಡಲೀಕ ಪೈಗಳು ಕನ್ನಡಕ ಹಣೆಗೇರಿಸಿ
"ಆರು ಪುಟ, ಒಂದು ಬಾಣ ಇಲ್ಲ ಮಾರಾಯ್ತಿ!
ಮಕ್ಕಳು ದುಡ್ಡು ವಾಪಸು ಕೇಳಿದರೆ?
ಅಕ್ಷರವಾದರೂ ಕಾಣುತ್ತದಾ?"
ಕಾಣುವುದಿಲ್ಲ, ಹೌದು.
ದೋಣಿಯ ಮೈಮೇಲೆ ಆಳೆತ್ತರ ಬರೆದ ಕೈ
ಆರನೆಯ ಪುಟಕ್ಕೆ ಬರುವಾಗ ಸಾಸಿವೆಗಿಂತ ಕಿರಿದಾಗಿ
ಎಡ, ಎಡ, ಬಲ ಎಂದು ಬರೆದಿತ್ತು.
ಪೈಗಳು ಎರಡು ದಿನ ಮಾತಾಡಲಿಲ್ಲ.
ಮೂರನೆಯ ದಿನ ಅಚ್ಚಿಗೆ ಕೊಟ್ಟರು,
ಕಾಗದದ ದರ ಏರುವ ಮೊದಲು.

ಮುಖವಾ? ಅದು ಕಡೆಗೆ ಸಿಕ್ಕಿತು,
ದ್ವೀಪದ ಬೋಟಿಗೆ ಟಿಕೇಟು ಹರಿಯುವ ನಿಶಿತನಲ್ಲಿ.
ಮೊಬೈಲಿನಲ್ಲಿ ಅದೇ ಆಟ, ಮೂರನೇ ಸುತ್ತು,
ಕೆಳತುಟಿ ಕಚ್ಚಿ ಸಾಯುತ್ತಿದ್ದ, ಮತ್ತೆ ಸಾಯುತ್ತಿದ್ದ.
ಟಿಕೇಟಿನ ಹಿಂದೆಯೇ ಗೀಚಿಕೊಂಡೆ:
ಮೊಡವೆ, ಅರ್ಧ ಮೀಸೆ, ಹುಬ್ಬಿನ ನಡುವೆ ಒಂದು ಗೆರೆ.
ಯಾರದೋ ಮಗ.

ಮೊದಲ ಪ್ರತಿ ಅವನಿಗೇ ಕೊಟ್ಟೆ.
ರಟ್ಟು ನೋಡಿ "ಇದು ನಾನಾ?" ಎಂದು ನಕ್ಕ.
ಮಗುಚಿದ. ಅಮ್ಮನ ಪುಟ ಬಂತು.
ಹೆಬ್ಬೆರಳು ತಾನಾಗಿ ಬಲಮೂಲೆಗೆ ಹೋಗಿ
ಕಾಗದವನ್ನು ಎರಡು ಸಲ ಒತ್ತಿತು.
ಏನೂ ಆಗಲಿಲ್ಲ.
ಬೋಟು ಕೂಗಿತು, ಜನ ಸಾಲು ನಿಂತರು.
ಅವನು ಪುಸ್ತಕವನ್ನು ಮೂಗಿನ ಹತ್ತಿರ ತಂದ.
ನಾನು ಉಸಿರು ಹಿಡಿದೆ.
ಎಡ, ಎನ್ನುತ್ತಿದ್ದವು ಅವನ ತುಟಿ, ಎಡ...
ಮಧ್ಯಾಹ್ನ ಮೂರು ಗಂಟೆ ನೋಡಿ,
ದೊಡ್ಡದೊಂದು ಆಕಳಿಕೆ ಬಂತು.