ಹತ್ತರ ಲೆಕ್ಕ

ಕೂಡ್ಲೂರಿನ ಕ್ಯೂರಿಂಗ್ ವರ್ಕ್ಸಿನ ತೂಕದ ಕೋಣೆಯಲ್ಲಿ
ಹದಿನಾಲ್ಕು ವರ್ಷ.
ಲಾರಿ ಬರುತ್ತದೆ, ತುಂಬಿದ್ದು; ಬರೆಯುತ್ತೇನೆ.
ಲಾರಿ ಹೋಗುತ್ತದೆ, ಖಾಲಿ; ಬರೆಯುತ್ತೇನೆ.
ಮೊದಲನೆಯದರಲ್ಲಿ ಎರಡನೆಯದು ಕಳೆದರೆ
ಕಾಫಿ.
ಹೆಸರು ಹಿಡಿದು ಯಾರೂ ಕರೆಯುವುದಿಲ್ಲ ಇಲ್ಲಿ,
ತೂಕದಕ್ಕ ಅನ್ನುತ್ತಾರೆ.
ಡ್ರೈವರುಗಳು ಮಾತ್ರ ಮೇಡಂ, ಅದೂ
ರಸೀದಿ ಕೈಗೆ ಸಿಗುವ ತನಕ.

ಮಡಿಕೇರಿ ಮೇಲಿದೆ.
ಕೋಟೆ, ಕಚೇರಿ, ಸಹಿ, ಮಂಜು ಎಲ್ಲ ಅಲ್ಲಿ.
ಒಂದು ಕಾಗದಕ್ಕೆ ಸೀಲು ಬೇಕೆಂದರೆ
ಆನೆಕಾಡು ದಾಟಿ, ಸುಂಟಿಕೊಪ್ಪ ದಾಟಿ,
ಪೆಟ್ಟಿಗೆಯ ಸ್ವೆಟರು ತೊಟ್ಟು ಹತ್ತುತ್ತೇವೆ.
ಮೇಲಿಂದ ಇಳಿದು ಬರುವುದು ಮಳೆಗಾಲದ ನೀರು,
ಕೆಳಗಿಂದ ಏರುವುದು ಟೂರಿಸ್ಟು ಕಾರು.
ದಾರಿ ತಪ್ಪಿ ಗೇಟಿಗೆ ಬಂದವರು ಗಾಜು ಇಳಿಸಿ ಕೇಳುತ್ತಾರೆ:
ಕೊಡಗು ಇನ್ನೆಷ್ಟು ದೂರ?
ಕೊಡಗಿನಲ್ಲೇ ನಿಂತಿದ್ದೀರಿ ಎಂದರೆ ನಂಬುವುದಿಲ್ಲ.
ಮಂಜೆಲ್ಲಿ ಎನ್ನುವ ಹಾಗೆ ನೋಡುತ್ತಾರೆ
ನನ್ನ ಹುಬ್ಬಿನ ಮೇಲೆ ಕೂತ ಹೊಟ್ಟಿನ ಧೂಳನ್ನು.

ನಮ್ಮ ಸಾಲಿನಲ್ಲಿ ಒಂಬತ್ತು ಕೋಣೆ, ಒಂದು ನಲ್ಲಿ.
ಗೋಡೆ ತೆಳು: ಬೀಫಾತುಮ್ಮ ಮೆಣಸು ಹುರಿದರೆ
ನನ್ನ ಮನೆಯಲ್ಲಿ ಸೀನು.
ಮೂರನೆಯದರಲ್ಲಿ ಅಸ್ಸಾಮಿನ ಆರು ಹುಡುಗರು;
ಹಗಲು ಪಾಳಿಯವರು ಎದ್ದ ಚಾಪೆಯ ಮೇಲೆ
ರಾತ್ರಿ ಪಾಳಿಯವರು ಬೀಳುತ್ತಾರೆ,
ಚಾಪೆಗೆ ತಣ್ಣಗಾಗಲು ಪುರುಸೊತ್ತಿಲ್ಲ.
ಕೊನೆಯದರಲ್ಲಿ ಪಚ್ಚಮ್ಮ. ಬೇಳೆ ಆರಿಸಿ ಆರಿಸಿ
ಒಡಕು, ಕಪ್ಪು, ಹುಳ ಕೊರೆದದ್ದು
ಅವಳಿಗೆ ಕತ್ತಲಲ್ಲೂ ತಿಳಿಯುತ್ತದೆ.
ಉಣ್ಣುವಾಗಲೂ ಅವಳ ಬೆರಳು
ತಟ್ಟೆಯ ಅಂಚಿಗೆ ಏನನ್ನೋ ಎತ್ತಿಡುತ್ತಿರುತ್ತದೆ.
ದೇಶದೇಶಕ್ಕೆ ಕಾಫಿ ಕಳಿಸುವ ನಾವು
ಕುಡಿಯುವುದು ಚಹಾ,
ಆ ಹುಡುಗರು ಊರಿಂದ ಪೊಟ್ಟಣ ಕಟ್ಟಿ ತಂದದ್ದು.

ಒಂದು ಆಗಸ್ಟಿನಲ್ಲಿ ಹೊಳೆ
ಬಾಡಿಗೆ ಕೇಳಲು ಬಂದ ಮಾಲೀಕನಂತೆ
ಚಪ್ಪಲಿ ಬಿಡದೆ ಒಳಗೆ ಬಂತು.
ಗೋಡೆಯಲ್ಲಿ ಗೆರೆ ಈಗಲೂ ಇದೆ, ನನ್ನ ಸೊಂಟದ ಎತ್ತರಕ್ಕೆ.
ಎರಡು ಸಲ ಸುಣ್ಣ ಬಳಿದೆವು.
ಮೇಲೆದ್ದು ಬರುತ್ತದೆ.

ಮಾರ್ಚಿನ ಕೊನೆ. ಕೊನೆಯ ಲಾರಿ ಹೋದ ಸಂಜೆ
ನಾಲ್ಕನೇ ಕೋಣೆಯ ಜುನಾಲಿ
ಇಪ್ಪತ್ತು ದಿನದ ಕೂಸನ್ನು ಟವೆಲಿನಲ್ಲಿ ಸುತ್ತಿ ತಂದಳು,
ಹಿಂದೆ ಗಂಡ ಬಿಪುಲ.
ಅಕ್ಕ, ತೂಕ ನೋಡಬೇಕು.
ಅಂಗನವಾಡಿಯ ತಕ್ಕಡಿ ಕೆಟ್ಟಿದೆಯಂತೆ,
ಮಡಿಕೇರಿಗೆ ಹೋಗಿ ಅಂದರಂತೆ.

ನಕ್ಕೆ. ಇದು ಲಾರಿಯದ್ದು ಮಾರಾಯ್ತಿ,
ಹತ್ತು ಕಿಲೋಗಿಂತ ಚಿಕ್ಕದು ಇದಕ್ಕೆ ಕಾಣುವುದಿಲ್ಲ.
ನಲವತ್ತು, ಐವತ್ತು, ಅರವತ್ತು,
ನಡುವಿನದನ್ನೆಲ್ಲ ನುಂಗಿಬಿಡುತ್ತದೆ.
ಅವಳಿಗೆ ಅರ್ಥವಾಗಲಿಲ್ಲ, ಅಥವಾ ಆಯಿತು.
ನಿಂತೇ ಇದ್ದಳು.

ಪಚ್ಚಮ್ಮ ಹತ್ತಿದಳು, ತಮಾಷೆಗೆ.
ಆಮೇಲೆ ಬೀಫಾತುಮ್ಮ, ಸೆರಗು ಸಿಕ್ಕಿಸಿಕೊಂಡು.
ಆರು ಹುಡುಗರು. ವಾಚ್‌ಮನ್ ಕುಂಞಪ್ಪ, ಟಾರ್ಚಿನ ಸಮೇತ.
ಜುನಾಲಿಯನ್ನೂ ಎಳೆದರು, ಕೂಸು ಬಿಪುಲನ ಕೈಯಲ್ಲಿ ಕೆಳಗೆ.
ಲಾರಿ ನಿಲ್ಲುವ ಕಬ್ಬಿಣದ ಮೇಲೆ
ಫೋಟೋಕ್ಕೆ ನಿಂತಂತೆ ನಿಂತರು.
ಕೆಂಪು ಅಂಕೆ ಅಲ್ಲಾಡಿ ಕೂತಿತು: ಐನೂರ ಇಪ್ಪತ್ತು.

ಬಿಪುಲ ಕೈ ಚಾಚಿ ಕೂಸನ್ನು ಕೊಟ್ಟ.
ಅಂಕೆ ಮಿಣುಕಿತು.
ಐನೂರ ಮೂವತ್ತು.

ಹೋ ಎಂದು ಕೂಗಿದರು. ಕೂಸು ಬೆದರಿ ಅತ್ತಿತು.
ಹತ್ತು ಕಿಲೋ! ಆನೆಮರಿ! ಎಂದ ಕುಂಞಪ್ಪ.
ನನಗೆ ಗೊತ್ತು, ಲೆಕ್ಕ ಹಾಗಲ್ಲ.
ಅಷ್ಟೂ ಜನರ ಚೂರುಪಾರು ಸೇರಿ
ಅಂಚಿಗೆ ಬಂದು ನಿಂತಿತ್ತು.
ಇದು ದಾಟಿಸಿತು.

ಹೇಳಲಿಲ್ಲ. ರಸೀದಿ ಬರೆದೆ.
ಗಾಡಿ ಸಂಖ್ಯೆ ಅನ್ನುವಲ್ಲಿ ಗೆರೆ ಎಳೆದೆ.
ಸರಕು ಅನ್ನುವಲ್ಲಿ ಪೆನ್ನು ನಿಂತಿತು.
ಜುನಾಲಿ ಕಿಟಕಿಗೆ ಬಗ್ಗಿ ಹೆಸರು ಹೇಳಿದಳು.
ತಿಳಿಯಲಿಲ್ಲ, ಇನ್ನೊಮ್ಮೆ ಕೇಳಿ
ಅಕ್ಷರ ಬಿಡಿಸಿ ಬರೆದೆ.

ಅಷ್ಟರಲ್ಲಿ ಯಾರೋ ನೀರು ಬಂತು ಎಂದರು.
ಎಲ್ಲರೂ ಇಳಿದು ಬಿಂದಿಗೆಗೆ ಓಡಿದರು.