ಇಲ್ಲೇ ಬಿಡಿಸು

ಮೊದಲ ಸಲ ಒತ್ತಿದಾಗ ಪರದೆ ಹೇಳಿತು:
ಈ ಬಗೆಯ ಗಂಟು ಬಿಡಿಸಲು ನನಗೆ ಬಾರದು.
ಬಾರದ್ದನ್ನು ಬಾರದು ಎನ್ನುವ ಯಂತ್ರ ಒಳ್ಳೆಯದೇ;
ನಮ್ಮ ಐ.ಜಿ. ರಸ್ತೆಯಲ್ಲಿ ಅಂಥ ಮನುಷ್ಯರು ಕಡಿಮೆ.

ಎದುರಿಗೆ ಸ್ಟೂಲಿನ ತುದಿಯಲ್ಲಿ ದ್ಯಾವಮ್ಮ,
ಉಪ್ಪಳ್ಳಿಯಿಂದ ನಡೆದೇ ಬಂದವಳು,
ಕಾಫಿ ಕ್ಯೂರಿಂಗಿನಲ್ಲಿ ಇಪ್ಪತ್ತಾರು ವರ್ಷ ಬೀಜ ಆರಿಸಿದವಳು.
ಪಿ.ಎಫ್. ಆಫೀಸಿನವರು ಕೇಳಿದ್ದು ಒಂದೇ ಮಾತು:
ಆರಿಸಿದ್ದಕ್ಕೆ ಏನು ಗುರುತು?
ಕ್ಯೂರಿಂಗ್ ಬಾಗಿಲು ಹಾಕಿ ಒಂಬತ್ತು ವರ್ಷ.
ಹಾಜರಿ ಪುಸ್ತಕದ ಒಂದೊಂದು ಹಾಳೆಗೂ ಫೋಟೋ ಹೊಡೆದಿಟ್ಟಿದ್ದ
ಫೆಲಿಕ್ಸ್ ರೈಟರು ಎಲ್ಲ ಕಟ್ಟಿ ಕಳಿಸಿದ್ದಾರೆ,
ಒಂದೇ ಗಂಟು, ಮೂರು ತುಂಡು.

ನನ್ನದು ಹಳೇ ಡಬ್ಬ, ವೈರಸ್ಸಿನ ಕಾಟಕ್ಕೆ ರೋಸಿ
ಲಿನಕ್ಸ್ ಹಾಕಿಸಿದ್ದು. ಬಿಡಿಸುವ ಸಲಕರಣೆ
ಬೇರೆಯಾಗಿ ಇಳಿಸಬೇಕು. ಇಳಿಸಿದೆ.
ಮತ್ತೆ ಬಲಗುಂಡಿ. ಮೆನು ಬಿಚ್ಚಿತು. ಇಲ್ಲೇ ಬಿಡಿಸು.
ಹಸಿರು ಪಟ್ಟಿ ಅರ್ಧಕ್ಕೆ ಹೋಗಿ ನಿಂತಿತು,
ಹ್ಯಾಂಡ್‌ಪೋಸ್ಟಿನಲ್ಲಿ ಡ್ರೈವರು ಟೀಗೆ ಇಳಿದ ಬಸ್ಸಿನ ಹಾಗೆ.
ಆಮೇಲೆ ಒಂದು ಸಾಲು: ಮುಂದಿನ ಭಾಗ ಸಿಗುತ್ತಿಲ್ಲ.

ಸಿಗುತ್ತಿಲ್ಲವೇ? ಮೂಗಿನ ಕೆಳಗೇ ಇದೆಯಲ್ಲ!
ಒಂದು, ಎರಡು, ಮೂರು. ಒಂದೇ ಫೋಲ್ಡರು.
ಜಾಗ ಇದೆಯೇ ನೋಡಿದೆ, ಇತ್ತು.
ಡೆಸ್ಕ್‌ಟಾಪಿಗೆ ಎಳೆದೆ. ಪೆನ್‌ಡ್ರೈವಿಗೆ ಎಳೆದೆ.
ಬೈದೆ. ಬೈಗುಳಕ್ಕೆ ಬಿಚ್ಚಿದ ಗಂಟು
ನಾನು ಕಂಡಿಲ್ಲ, ಆದರೂ ಬೈದೆ.
ನಡುವೆ ಒಬ್ಬ ಹುಡುಗ ಬಂದು ಆಧಾರ್ ಜೆರಾಕ್ಸ್
ಎರಡೂ ಮಗ್ಗುಲು ತೆಗೆಸಿಕೊಂಡು ಹೋದ.

ಬಿಡಿಸು ಎಂಬ ಮಾತು ನಮ್ಮಲ್ಲಿ ಎಷ್ಟಕ್ಕೆಲ್ಲ ಆಗುತ್ತದೆ:
ಅವರೆಕಾಯಿ, ಒಗಟು, ಬೀದಿಜಗಳ,
ಅಡವಿಟ್ಟ ಓಲೆ, ಠಾಣೆಯಲ್ಲಿ ಕೂತ ತಮ್ಮ.
ಯಾವುದನ್ನೂ ಯಾರೂ
ಒಂದು ಗುಂಡಿ ಒತ್ತಿ ಬಿಡಿಸಿದ್ದಲ್ಲ.

ದ್ಯಾವಮ್ಮ ಸ್ಟೂಲು ಎಳೆದುಕೊಂಡಳು.
ಓದು ಬಾರದು. ಪರದೆ ನೋಡಿದ ರೀತಿಯೂ
ಓದುವವರದ್ದಲ್ಲ, ಆರಿಸುವವರದು:
ಕತ್ತು ವಾಲಿಸಿ, ಕಣ್ಣು ಕಿರಿದು ಮಾಡಿ,
ಹೆಬ್ಬೆರಳು ತೋರುಬೆರಳು ಆಗಲೇ ಕೂಡಿ.
“ತಾಯಿ, ಈ ನಡುವಿಂದು ಜೊತೆಯದ್ದಲ್ಲ.
ಬಾಲಕ್ಕೆ ಬಳೆಚೂರು ಅಂಟೈತೆ ನೋಡಿ,
ಆ ಕಡೆ ಒಂದು, ಈ ಕಡೆ ಒಂದು.
ನಮ್ಮ ಮೇಸ್ತ್ರಿ ಇಂಥದ್ದನ್ನ ಪಾಸು ಮಾಡ್ತಿರಲಿಲ್ಲ.”

ಎರಡು ಕಂಸದ ನಡುವೆ ಒಂದು ಪುಟ್ಟ ಒಂದು!
ಬೆಳಿಗ್ಗೆ ಕರೆಂಟು ಹೋಗಿತ್ತು. ಎರಡನೇ ತುಂಡನ್ನು
ಎರಡು ಸಲ ಇಳಿಸಿ, ಅರೆಬರೆಯದನ್ನು ಅಳಿಸಿದ್ದೆ;
ಉಳಿದದ್ದಕ್ಕೆ ಯಂತ್ರ ತಾನೇ ಇಟ್ಟ ಅಡ್ಡಹೆಸರು ಅದು.
ಗಂಟು ಕೂಗುತ್ತಿತ್ತು ನಿಜವಾದ ಹೆಸರು ಹಿಡಿದು,
ಪಕ್ಕದಲ್ಲೇ ನಿಂತದ್ದು ಓಗೊಡಲಿಲ್ಲ.
ಎಫ್ ಎರಡು ಒತ್ತಿದೆ. ಬಳೆಚೂರು ಒರೆಸಿದೆ. ಎಂಟರ್.

ಈ ಸಲ ಪಟ್ಟಿ ನಿಲ್ಲಲಿಲ್ಲ.
ಗೋಣಿಯ ಹೊಲಿಗೆ ಎಳೆದಂತೆ ಚಿತ್ರಗಳು ಸುರಿದವು,
ಆರುನೂರ ಹದಿನೆಂಟು ಹಾಳೆ, ಕೆಲವು ತಲೆಕೆಳಗು.
ನೀಲಿ ಮಸಿಯ ಹಾಜರಿ, ಕೆಂಪು ಮಸಿಯ ಗೈರು,
ಒಂದು ಅಂಚಿನಲ್ಲಿ ರೈಟರ ಹೆಬ್ಬೆರಳೂ ಬಂದುಬಿಟ್ಟಿದೆ.

ಸಾಲು ನಲವತ್ತೊಂದು. ಗಂಡನ ಹೆಸರು ಸರಿ, ಊರು ಸರಿ.
ಅವಳ ಹೆಸರು ದೇವಮ್ಮ ಎಂದಿದೆ.
ಆಧಾರಿನಲ್ಲಿ ದ್ಯಾವಮ್ಮ.
ಇಲ್ಲಿಗೆ ನನ್ನ ಎಫ್ ಎರಡು ನಡೆಯದು.
ಹೇಗೆ ಹೇಳುವುದೆಂದು ತಡವರಿಸಿ, ಹೇಳಿದೆ.

“ಎರಡೂ ನಾನೇ” ಎಂದಳು. “ಬರೆಯೋರ ನಾಲಗೆ ಬೇರೆ.
ನೀವು ಅಚ್ಚು ತೆಗೀರಿ, ಅದನ್ನ ನಾನು ಅಲ್ಲಿ ನೋಡ್ಕೋತೀನಿ.”
ತೆಗೆದೆ. ಹಾಳೆಯ ಮೇಲೆ ಬೆರಳಿಟ್ಟು,
ಬೀಜ ತಳ್ಳುವಂತೆ ತಳ್ಳುತ್ತ ಸಾಗಿದಳು:
ಇದು ರುಕಿಯಾ, ಇದು ಸೆಲ್ವಿ, ಇದು ನಾನು
ಅಂದಳು. ಎಲ್ಲ ತಪ್ಪು ಸಾಲಿನ ಮೇಲೆ.

ಆಮೇಲೆ ಸೆರಗಿನ ಗಂಟನ್ನು ಹಲ್ಲಿನಲ್ಲಿ ಕಚ್ಚಿ ಎಳೆದಳು.
ಐನೂರರ ಒಂದೇ ನೋಟು.
ಚಿಲ್ಲರೆ ನನ್ನ ಹತ್ತಿರವೂ ಇರಲಿಲ್ಲ.